ಹದಿನಾರೋ, ಎಂಟೋ, ನಾಲ್ಕೋ? ಹಳೆ ಡಿವಿಡಿ ಕಾಪಿ ಮಾಡುವಾಗ ಯಾವ ವೇಗ ಇಡಬೇಕು

ಸಾಲ್ಕಣಿ ಕಡೆಯ ಅತ್ತೆಯೊಬ್ಬರು ಮಗಳ ಮದುವೆಯ ಡಿವಿಡಿ ತಂದಿದ್ದರು. 2009ರ ಮದುವೆ. ಅಷ್ಟು ವರ್ಷ ನಾಗಂದಿಗೆ ಮೇಲೆ ಇದ್ದಿದ್ದಕ್ಕೋ ಏನೋ, ಕವರ್ ಬಿಚ್ಚಿದರೆ ಒಲೆ ಹೊಗೆಯ ವಾಸನೆ. ಡಿಸ್ಕಿನ ಮೇಲೆ ಸ್ಟುಡಿಯೋದವರು ವಧೂವರರ ಫೋಟೊ ಸ್ಟಿಕರ್ ಅಂಟಿಸಿದ್ದರು. ಅದು ಮಳೆಗಾಲದ ಥಂಡಿ ಹೀರಿ ಒಂದು ಅಂಚಿನಲ್ಲಿ ಗುಳ್ಳೆ ಎದ್ದು, ಮದುಮಗನ ಪೇಟ ಬಾವು ಬಂದ ಹಾಗೆ ಉಬ್ಬಿತ್ತು.

“ಕೂಸಿನ ಕಳ್ಸಿಕೊಡ ಹೊತ್ತಿಗೇ ನಿತ್ಗತ್ತು ತಮಾ. ಆಮೇಲೆ ಬರೀ ಚೌಕ ಚೌಕ ಕಾಣ್ತು” ಅಂದರು.

ಡೆಸ್ಕ್‌ಟಾಪಿನ 16ಎಕ್ಸ್ ಡ್ರೈವಿಗೆ, ಅಂದರೆ ಡಿವಿಡಿಯ ಮೂಲ ವೇಗದ ಹದಿನಾರರಷ್ಟು ವೇಗದಲ್ಲಿ ಓದುವ ಡ್ರೈವಿಗೆ, ಹಾಕಿದೆ. ಮೊದಲ ಮೂರು ಫೈಲು ಸಲೀಸಾಗಿ ಬಂದವು. ನಾಲ್ಕನೆಯದಕ್ಕೆ ಬಂದಾಗ ಪಕ್ಕದಲ್ಲಿದ್ದ ಲೋಟದ ಚಾ ನಡುಗುವಷ್ಟು ಡ್ರೈವ್ ಗುಂಯ್‌ಗುಟ್ಟಿತು, ಒಮ್ಮೆಲೇ ಸದ್ದು ಇಳಿಯಿತು, ಟಕ್ ಟಕ್ ಅಂತು, ಮತ್ತೆ ಗುಂಯ್. ಹತ್ತು ನಿಮಿಷ ಇದೇ ಆಟ ಆಡಿ ಕೊನೆಗೆ ವಿಂಡೋಸ್ ಓದಿದ್ದು ತಾಳೆಯಾಗುತ್ತಿಲ್ಲ ಅನ್ನುವ ಸಿಆರ್‌ಸಿ ಎರರ್ ತೋರಿಸಿ ಕೈ ಎತ್ತಿತು. ಅದೇ ಡಿಸ್ಕನ್ನು ಅದೇ ಡ್ರೈವಿನಲ್ಲಿ 4ಎಕ್ಸ್‌ಗೆ ಇಳಿಸಿ ಓದಿಸಿದರೆ ಕೊನೆಯವರೆಗೂ ಬಂತು. ಎರಡೇ ಎರಡು ಕಡೆ ಒಂದು ಸೆಕೆಂಡಿಗಿಂತ ಕಡಿಮೆ ಹೋಗಿತ್ತು, ಅಷ್ಟೇ.

ಹಾಗಾದರೆ ಎಲ್ಲಾ ಡಿಸ್ಕನ್ನೂ 4ಎಕ್ಸ್‌ನಲ್ಲೇ ಓದಿಸಿದರಾಯಿತಲ್ಲ ಅಂತ ಕೇಳುವವರು ಇದ್ದಾರೆ. ಅದು ಅಷ್ಟು ಸರಳ ಅಲ್ಲ. ಶಿರಸಿ, ಸಿದ್ದಾಪುರ, ಕುಮಟಾ ಕಡೆಯ ಮನೆಗಳಿಂದ ಬರುವ ಮದುವೆ, ಉಪನಯನ, ಯಕ್ಷಗಾನದ ಆಟ, ತಾಳಮದ್ದಲೆಯ ಡಿಸ್ಕುಗಳನ್ನು ಹಾರ್ಡ್‌ಡಿಸ್ಕಿಗೆ ಇಳಿಸುತ್ತಾ ನಾನು ಕಂಡುಕೊಂಡದ್ದನ್ನು ಇಲ್ಲಿ ಹೇಳುತ್ತೇನೆ. ಮನೆಯಲ್ಲೇ ಮಾಡಿಕೊಳ್ಳುವವರಿಗೆ ಉಪಯೋಗಕ್ಕೆ ಬಂದೀತು.

ನಿಧಾನ ಓದಿದರೆ ಚಿತ್ರ ಚೆನ್ನಾಗಿ ಬರುತ್ತದೆಯೇ?

ಇಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಆಡಿಯೋ ಸೀಡಿ ಕಾಲದ ನಂಬಿಕೆ ಇನ್ನೂ ಹೋಗಿಲ್ಲ. ಆಡಿಯೋ ಸೀಡಿಯಲ್ಲಿ ಸರಿಪಡಿಸಲಾಗದ ತಪ್ಪು ಬಂದರೆ ಡ್ರೈವ್ ಅಕ್ಕಪಕ್ಕದ ಸದ್ದು ನೋಡಿ ಅಂದಾಜಿನಲ್ಲಿ ತುಂಬಿಬಿಡಬಹುದು, ನಮಗೆ ಗೊತ್ತೇ ಆಗುವುದಿಲ್ಲ. ಡಿವಿಡಿಯಲ್ಲಿ ಆ ಅಂದಾಜಿನ ಕೆಲಸ ಇಲ್ಲ. ಒಂದು ಸೆಕ್ಟರ್, ಅಂದರೆ 2048 ಬೈಟ್, ಒಂದೋ ಇದ್ದದ್ದು ಇದ್ದ ಹಾಗೆ ಬರುತ್ತದೆ, ಇಲ್ಲವೇ ‘ಓದಲಾಗಲಿಲ್ಲ’ ಅಂತ ಬರುತ್ತದೆ. 16ಎಕ್ಸ್‌ನಲ್ಲಿ ಎರರ್ ಇಲ್ಲದೆ ಬಂದ ಕಾಪಿಗೂ 2ಎಕ್ಸ್‌ನಲ್ಲಿ ಬಂದ ಕಾಪಿಗೂ ಒಂದು ಬಿಟ್‌ನಷ್ಟೂ ವ್ಯತ್ಯಾಸ ಇರುವುದಿಲ್ಲ. ಸಂಶಯ ಇದ್ದರೆ ಎರಡರ ಎಂಡಿ5 ಲೆಕ್ಕ, ಅಂದರೆ ಫೈಲಿನ ಬೆರಳಚ್ಚಿನಂಥ ಸಂಖ್ಯೆ, ತೆಗೆದು ಹೋಲಿಸಿ ನೋಡಿ.

ವೇಗದ ಪ್ರಶ್ನೆ ಬರುವುದು ಓದಬಹುದೋ ಇಲ್ಲವೋ ಎಂಬ ಗಡಿಯಲ್ಲಿ ನಿಂತ ಸೆಕ್ಟರುಗಳಿಗೆ ಮಾತ್ರ.

ಆ ಗಡಿ ಎಲ್ಲಿದೆ ಅಂತ ತಿಳಿಯಲು ಡಿಸ್ಕಿನೊಳಗಿನ ಲೆಕ್ಕ ಸ್ವಲ್ಪ ಗೊತ್ತಿರಬೇಕು. ಡಿವಿಡಿ 16 ಸೆಕ್ಟರುಗಳನ್ನು ಒಟ್ಟು ಸೇರಿಸಿ 32 ಕೆಬಿಯ ಒಂದು ಬ್ಲಾಕ್ ಮಾಡಿ ಬರೆದಿಡುತ್ತದೆ. ಒಳಗೆ 172 ಬೈಟಿನ 192 ಸಾಲುಗಳು. ಪ್ರತಿ ಸಾಲಿನ ಕೊನೆಗೆ 10 ಬೈಟ್, ಪ್ರತಿ ಕಲಮಿನ ಕೆಳಗೆ 16 ಬೈಟ್ ತಾಳೆ ನೋಡುವುದಕ್ಕೆ ಹೆಚ್ಚುವರಿ. ಸೊಸೈಟಿಯ ಖಾತೆ ಪುಸ್ತಕದಲ್ಲಿ ಸಾಲಿನ ಮೊತ್ತವನ್ನೂ ಕಲಮಿನ ಮೊತ್ತವನ್ನೂ ಬರೆದಿರುತ್ತಾರಲ್ಲ, ಹಾಗೆ. ನಡುವೆ ಒಂದು ಅಂಕಿಯ ಮೇಲೆ ಚಾ ಚೆಲ್ಲಿದರೂ ಉಳಿದದ್ದರಿಂದ ಅದನ್ನು ಹುಡುಕಿ ತೆಗೆಯಬಹುದು. ಹೀಗಾಗಿ ಸುಮಾರು 6 ಮಿಲಿಮೀಟರ್ ಉದ್ದಕ್ಕೆ ಟ್ರ್ಯಾಕ್ ಅಳಿಸಿಹೋದರೂ ಡಿವಿಡಿ ತಡೆದುಕೊಳ್ಳುತ್ತದೆ. ಹೊಸ ಡಿಸ್ಕಿನಲ್ಲೂ ತಪ್ಪುಗಳು ಇರುತ್ತವೆ. ಅಕ್ಕಪಕ್ಕದ ಎಂಟು ಬ್ಲಾಕಿಗೆ ತಪ್ಪಿರುವ ಸಾಲು 280ರ ಒಳಗೆ ಇರಲಿ ಅಂತಲೇ ನಿಯಮ ಇದೆ. ತಪ್ಪು ಈ ಲೆಕ್ಕದ ಕೈ ಮೀರಿದರೆ ಮಾತ್ರ ಬ್ಲಾಕ್ ಹೋಯಿತು. ಒಂದು ಬ್ಲಾಕ್ ಅಂದರೆ ಮದುವೆ ವಿಡಿಯೋದಲ್ಲಿ ಸೆಕೆಂಡಿನ ಇಪ್ಪತ್ತನೇ ಒಂದು ಭಾಗ ಇದ್ದೀತು. ಆದರೆ ಡಿವಿಡಿ ವಿಡಿಯೋದಲ್ಲಿ ಒಂದು ಫ್ರೇಮು ಹಿಂದಿನ ಫ್ರೇಮಿಗೆ ಜೋತು ಬಿದ್ದಿರುವುದರಿಂದ, ಮುಂದಿನ ಪೂರ್ತಿ ಫ್ರೇಮ್ ಬರುವವರೆಗೆ, ಅಂದರೆ ಸುಮಾರು ಅರ್ಧ ಸೆಕೆಂಡ್, ಆ ಚೌಕಗಳು ಕಾಣುತ್ತಲೇ ಇರುತ್ತವೆ.

ವೇಗ ಹೆಚ್ಚಿದರೆ ತಪ್ಪು ಯಾಕೆ ಹೆಚ್ಚುತ್ತದೆ

ಡಿವಿಡಿಯ ಒಂದು ಟ್ರ್ಯಾಕಿನಿಂದ ಪಕ್ಕದ ಟ್ರ್ಯಾಕಿಗೆ ಇರುವ ಅಂತರ 0.74 ಮೈಕ್ರಾನ್. ಒಂದು ಮಿಲಿಮೀಟರಿನೊಳಗೆ ಸಾವಿರದ ಮುನ್ನೂರಕ್ಕೂ ಹೆಚ್ಚು ಗೆರೆ. ಲೆನ್ಸ್ ಆ ಗೆರೆ ಬಿಡದೆ ಹಿಂಬಾಲಿಸಬೇಕು, ಜೊತೆಗೆ ಡಿಸ್ಕ್ ಮೇಲೆ ಕೆಳಗೆ ಅಲ್ಲಾಡಿದ ಹಾಗೆಲ್ಲ ತಾನೂ ಏರಿ ಇಳಿದು ಫೋಕಸ್ ಉಳಿಸಿಕೊಳ್ಳಬೇಕು. ತುಸು ಬಾಗಿದ ಡಿಸ್ಕು, ನಟ್ಟನಡುವೆ ಇಲ್ಲದ ತೂತು, ಒಂದು ಕಡೆ ಉಬ್ಬಿದ ಸ್ಟಿಕರ್ ಇವೆಲ್ಲ ಅಲ್ಲಾಟ ಹೆಚ್ಚಿಸುತ್ತವೆ. ವೇಗ ಎರಡರಷ್ಟಾದರೆ ಲೆನ್ಸ್ ಎದುರಿಸಬೇಕಾದ ಎಳೆತ ನಾಲ್ಕರಷ್ಟಾಗುತ್ತದೆ. 4ರಿಂದ 16ಕ್ಕೆ ಹೋದರೆ ಹದಿನಾರರಷ್ಟು. 16ಎಕ್ಸ್‌ನಲ್ಲಿ ಡಿಸ್ಕ್ ನಿಮಿಷಕ್ಕೆ 9000ಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಜಾತ್ರೆಯಲ್ಲಿ ತೊಟ್ಟಿಲು ನಿಧಾನ ತಿರುಗುವಾಗ ಕೆಳಗೆ ನಿಂತವರ ಮುಖ ಗುರುತು ಹಿಡಿಯಬಹುದು, ಜೋರಾದ ಮೇಲೆ ಆಗುವುದಿಲ್ಲ. ಲೆನ್ಸಿನ ಪಾಡೂ ಹೆಚ್ಚುಕಡಿಮೆ ಅದೇ.

ಇದರ ಜೊತೆಗೆ ಇನ್ನೊಂದಿದೆ. ಡಿವಿಡಿ ಒಳಗಿನಿಂದ ಹೊರಗೆ ಬರೆಯಲ್ಪಡುತ್ತದೆ. ಇವತ್ತಿನ 16ಎಕ್ಸ್ ಡ್ರೈವುಗಳು ಡಿಸ್ಕನ್ನು ಒಂದೇ ಸುತ್ತಿನ ವೇಗದಲ್ಲಿ ತಿರುಗಿಸುತ್ತವೆ. ಹೊರಗಿನ ಸುತ್ತು ದೊಡ್ಡದಾದ್ದರಿಂದ ಒಳಗೆ 6ರಿಂದ 7ಎಕ್ಸ್ ಇದ್ದ ಓದು ಹೊರ ಅಂಚು ತಲುಪಿದಾಗಷ್ಟೇ ನಿಜವಾದ 16ಎಕ್ಸ್ ಆಗುತ್ತದೆ. ಕೈ ತಾಗುವುದು, ಥಂಡಿ ಒಳನುಗ್ಗುವುದು, ಅಂಟು ಬಿಡುವುದು, ಬಾಗುವುದು ಎಲ್ಲವೂ ಹೊರ ಅಂಚಿನಲ್ಲೇ. ಡಿಸ್ಕ್ ಅತಿ ದುರ್ಬಲ ಇರುವ ಜಾಗದಲ್ಲೇ ಡ್ರೈವ್ ಅತಿ ಜೋರಾಗಿ ಓದುತ್ತದೆ ಅಂತಾಯಿತು. ಅತ್ತೆಯ ಮಗಳು ತವರು ಬಿಡುವ ಹೊತ್ತು, ಬೆಳಗಿನ ಜಾವದ ಆಟದ ಮಂಗಳ, ಉಪನಯನದ ಊಟದ ಪಂಕ್ತಿ ಇವೇ ಹೋಗುವುದು ಯಾಕೆ ಅಂತ ಈಗ ಗೊತ್ತಾಗಿರಬೇಕು.

ಎರಡು ಪದರದ 8.5 ಜಿಬಿ ಡಿಸ್ಕಿನಲ್ಲಿ ವಿಡಿಯೋ ಇದ್ದರೆ ಎರಡನೇ ಪದರ ಸಾಮಾನ್ಯವಾಗಿ ಹೊರ ಅಂಚಿನಿಂದ ಶುರುವಾಗಿ ಒಳಗೆ ಬರುತ್ತದೆ. ಅಲ್ಲಿ ತೊಂದರೆ ಕಾಣುವುದು ಕೊನೆಯಲ್ಲಲ್ಲ, ನಟ್ಟನಡುವೆ.

ಈಗ ಒಂದೊಂದೇ ವೇಗ

ಡಿವಿಡಿಯ 1ಎಕ್ಸ್ ಅಂದರೆ ಸೆಕೆಂಡಿಗೆ ಸುಮಾರು 1.385 ಎಂಬಿ. ಸೀಡಿಯ 1ಎಕ್ಸ್ 150 ಕೆಬಿ ಮಾತ್ರ, ಎರಡನ್ನೂ ಗೊಂದಲ ಮಾಡಿಕೊಳ್ಳಬೇಡಿ. ತುಂಬಿದ 4.7 ಜಿಬಿ ಡಿಸ್ಕ್ 1ಎಕ್ಸ್‌ನಲ್ಲಿ ಓದಲು ಹತ್ತಿರ ಹತ್ತಿರ 57 ನಿಮಿಷ ಬೇಕು.

16ಎಕ್ಸ್‌ಗೆ ಒಳ್ಳೆ ಡಿಸ್ಕಿದ್ದರೆ ಐದು ನಿಮಿಷ. ಗೀರಿಲ್ಲದ, ಸ್ಟಿಕರಿಲ್ಲದ, ಬೆಂಗಳೂರಿನಲ್ಲೆಲ್ಲೋ ಒಣ ಕಪಾಟಿನಲ್ಲಿದ್ದ ಡಿಸ್ಕುಗಳ ರಾಶಿ ಇದ್ದರೆ ಹಾಕಿ. ನಮ್ಮ ಕಡೆಯ ಡಿಸ್ಕುಗಳಿಗೆ ನಾನು ಹಾಕುವುದಿಲ್ಲ.

8ಎಕ್ಸ್ ನನ್ನ ಮಾಮೂಲಿ. ಅದೇ ಡಿಸ್ಕಿಗೆ ಹತ್ತು ನಿಮಿಷದ ಆಚೀಚೆ. 16ಕ್ಕೆ ಹೋಲಿಸಿದರೆ ಕಳೆದುಕೊಳ್ಳುವುದು ಬರೀ ಐದು ನಿಮಿಷ, ಒಂದು ಚಾ ಕುಡಿಯುವ ಹೊತ್ತು. ಆದರೆ ಓದಲು ಬಾರದ ಒಂದೇ ಒಂದು ಜಾಗಕ್ಕೆ ಡ್ರೈವ್ ಹತ್ತಿಪ್ಪತ್ತು ಸೆಕೆಂಡ್ ತಿಣುಕಬಹುದು, ಅಂಥ ಹದಿನೈದಿಪ್ಪತ್ತು ಜಾಗ ಸಿಕ್ಕಿದರೆ 16ಎಕ್ಸ್ ಉಳಿಸಿದ ಐದು ನಿಮಿಷ ಗೋವಿಂದ. ಮೇಲಿಂದ ಡ್ರೈವ್ ಏರಿ ಇಳಿದು ಮತ್ತೆ ಏರುವಾಗ ಹೋಗುವ ಹೊತ್ತು ಬೇರೆ. ಎಷ್ಟೋ ಸಲ 8ರಲ್ಲಿ ಇಟ್ಟ ಡಿಸ್ಕೇ 16ರಲ್ಲಿ ಇಟ್ಟದ್ದಕ್ಕಿಂತ ಬೇಗ ಮುಗಿದಿದೆ.

4ಎಕ್ಸ್‌ಗೆ ಹದಿನೈದು ನಿಮಿಷ ಬೇಕು. ಸ್ಟಿಕರ್ ಉಬ್ಬಿದ್ದು, ಬಾಗಿದ್ದು, ಹೊರ ಅಂಚು ಮಸುಕಾದದ್ದು, ಮರುಬರಹದ ಆರ್‌ಡಬ್ಲ್ಯೂ ಡಿಸ್ಕು ಇವಕ್ಕೆಲ್ಲ ಇದೇ. ಆರ್‌ಡಬ್ಲ್ಯೂ ಡಿಸ್ಕೂ ಎರಡು ಪದರದ ಡಿಸ್ಕೂ ಲೇಸರ್ ಬೆಳಕನ್ನು ನೂರಕ್ಕೆ 18ರಿಂದ 30ರಷ್ಟು ಮಾತ್ರ ವಾಪಸ್ ಕೊಡುತ್ತವೆ, ಸಾದಾ ಡಿಸ್ಕಿಗಿಂತ ಬಹಳ ಕಡಿಮೆ. ಮಂದ ಬೆಳಕಿನಲ್ಲಿ ಅವಸರದ ಓದು ಆಗದು. ಡಿಸ್ಕಿನ ಆರೋಗ್ಯ ಪರೀಕ್ಷೆ ಮಾಡುವವರೂ ಸಾಮಾನ್ಯವಾಗಿ ಇದೇ 4ಎಕ್ಸ್‌ನಲ್ಲಿ ತಪ್ಪು ಎಣಿಸುತ್ತಾರೆ. ಅದೇ ಡಿಸ್ಕನ್ನು 16ರಲ್ಲಿ ಎಣಿಸಿದರೆ ಸಂಖ್ಯೆ ಏರಿರುತ್ತದೆ. ಡಿಸ್ಕೇನೂ ಅಷ್ಟರಲ್ಲಿ ಹಾಳಾಗಿರುವುದಿಲ್ಲ, ಓದಿದ ರೀತಿ ಬದಲಾಗಿರುತ್ತದೆ. ಬೇರೆ ಬೇರೆ ವೇಗದಲ್ಲಿ ತೆಗೆದ ಎರಡು ಗ್ರಾಫ್ ಮುಂದಿಟ್ಟುಕೊಂಡು ಯಾವ ಡಿಸ್ಕ್ ಒಳ್ಳೆಯದು ಅಂತ ವಾದ ಮಾಡುವುದರಲ್ಲಿ ಅರ್ಥ ಇಲ್ಲ.

2ಎಕ್ಸ್, 1ಎಕ್ಸ್ ವಿಷಯದಲ್ಲಿ ನನ್ನ ಅನುಭವ ಮಿಶ್ರ. ಕಡಿಮೆ ಮಾಡಿದಷ್ಟೂ ಒಳ್ಳೆಯದು ಅಂತ ಲೆಕ್ಕ ಹೇಳಿದರೂ, 4ರಿಂದ 2ಕ್ಕೆ ಇಳಿಸಿದಾಗ ಹೊಸದಾಗಿ ಬರುವ ಸೆಕ್ಟರುಗಳು ಬೆರಳೆಣಿಕೆಯಷ್ಟು. ಕೆಲವು ಡ್ರೈವುಗಳು ನೀವು ಕೇಳಿದ ಕಡಿಮೆ ವೇಗಕ್ಕೆ ಒಪ್ಪುವುದೇ ಇಲ್ಲ, ತಮ್ಮ ಕನಿಷ್ಠ ಎಷ್ಟಿದೆಯೋ ಅಲ್ಲೇ ನಿಲ್ಲುತ್ತವೆ. 4ರಲ್ಲಿ ಬಾರದ್ದಕ್ಕೆ ನಾನು ವೇಗ ಇಳಿಸುತ್ತಾ ಕೂರುವುದಿಲ್ಲ, ಡ್ರೈವ್ ಬದಲಿಸುತ್ತೇನೆ.

ವೇಗ ಬದಲಿಸುವುದು ಎಲ್ಲಿ? ವಿಂಡೋಸ್‌ನಲ್ಲಿ ಇಮ್ಗ್‌ಬರ್ನ್ ಎಂಬ ತಂತ್ರಾಂಶದ ರೀಡ್ ಪುಟದಲ್ಲೇ ಓದುವ ವೇಗ ಆರಿಸುವ ಜಾಗ ಇದೆ. ಲಿನಕ್ಸಿನಲ್ಲಿ ಎಜೆಕ್ಟ್ ಕಮಾಂಡಿನ ಎಕ್ಸ್ ಆಯ್ಕೆ, ಇಲ್ಲವೇ ಎಚ್‌ಡಿಪಾರ್ಮ್‌ನ ದೊಡ್ಡಕ್ಷರದ ಇ ಆಯ್ಕೆ ಸಾಕು. ಡಿಸ್ಕ್ ತೆಗೆದು ಹಾಕಿದರೆ ಈ ಸೆಟ್ಟಿಂಗ್ ಹಾರಿಹೋಗಬಹುದು, ಪ್ರತಿ ಡಿಸ್ಕಿಗೂ ನೋಡಿಕೊಳ್ಳಿ. ಮಾರುಕಟ್ಟೆಯ ಸಿನೆಮಾ ಡಿಸ್ಕ್ ಹಾಕಿದರೆ ಎಷ್ಟೋ ಡ್ರೈವುಗಳು ತಾವೇ ವೇಗಕ್ಕೆ ಕಡಿವಾಣ ಹಾಕಿಕೊಳ್ಳುತ್ತವೆ, ಅದಕ್ಕೆ ರಿಪ್‌ಲಾಕ್ ಅನ್ನುತ್ತಾರೆ. ಡ್ರೈವ್ ಕೆಟ್ಟಿದೆ ಅಂತ ಗಾಬರಿ ಬೀಳಬೇಡಿ.

ಡ್ರೈವ್ ಯಾವುದು

ಇಲ್ಲಿ ನನ್ನ ಪಕ್ಷಪಾತ ಇದೆ. ಡೆಸ್ಕ್‌ಟಾಪಿನ ದಪ್ಪ ಡ್ರೈವ್ ಡಿಸ್ಕನ್ನು ಮೇಲಿಂದಲೂ ಒತ್ತಿ ಹಿಡಿಯುತ್ತದೆ. ಲ್ಯಾಪ್‌ಟಾಪಿನ ತೆಳು ಡ್ರೈವಿನಲ್ಲಿ ಡಿಸ್ಕನ್ನು ನಡುವಿನ ಗುಬಟಿಗೆ ಟಕ್ ಅಂತ ಸಿಕ್ಕಿಸುತ್ತೇವೆ, ಮೇಲಿನ ಹಿಡಿತ ಇಲ್ಲ. ಆದರೆ ತೆಳು ಡ್ರೈವ್ ಸಾಮಾನ್ಯವಾಗಿ 8ಎಕ್ಸ್‌ಗಿಂತ ಮೇಲೆ ಹೋಗುವುದೇ ಇಲ್ಲ, ಹಾಗಾಗಿ ಬಾಗಿದ ಡಿಸ್ಕಿಗೆ ಅದೇ ವಾಸಿ ಆದದ್ದೂ ಉಂಟು. ಯುಎಸ್‌ಬಿ ತೆಳು ಡ್ರೈವ್ ಕೊಳ್ಳುವವರು ಒಂದು ನೋಡಿಕೊಳ್ಳಬೇಕು: ಯುಎಸ್‌ಬಿ 2.0 ಪೋರ್ಟ್ ಕೊಡುವುದು 500 ಮಿಲಿಆಂಪ್, ಡಿಸ್ಕ್ ತಿರುಗಲು ಶುರುವಾಗುವಾಗ ಕೆಲವು ಡ್ರೈವಿಗೆ ಅದು ಸಾಲದು. ಡಿಸ್ಕ್ ಸರಿಯಿದ್ದೂ ಟಕ್ ಟಕ್ ಅಂದರೆ ಎರಡು ಕಾಲಿನ ಕೇಬಲ್ ಹಾಕಿ ನೋಡಿ, ಇಲ್ಲವೇ ಹಬ್ ಬಿಟ್ಟು ಕಂಪ್ಯೂಟರಿನ ಹಿಂದಿನ ಪೋರ್ಟಿಗೆ ಚುಚ್ಚಿ. ನಾನೊಮ್ಮೆ ಇದು ಗೊತ್ತಿಲ್ಲದೆ ಒಳ್ಳೆ ಡಿಸ್ಕನ್ನು ‘ಹೋಗಿದೆ’ ಅಂತ ವಾಪಸ್ ಕೊಟ್ಟು, ವಾರ ಬಿಟ್ಟು ನಾಚಿಕೆಯಿಂದ ಅವರ ಮನೆಗೇ ಹೋಗಿ ಇಸಿದುಕೊಂಡು ಬಂದಿದ್ದೇನೆ.

ಒಂದೇ ಕಂಪನಿಯ ಎರಡಕ್ಕಿಂತ ಬೇರೆ ಬೇರೆ ಕಂಪನಿಯ ಎರಡು ಡ್ರೈವ್ ಇಟ್ಟುಕೊಳ್ಳಿ, ಒಂದು ದಪ್ಪದ್ದು, ಒಂದು ತೆಳುವಿನದು. ಒಂದಕ್ಕೆ ಬಾರದ ಸೆಕ್ಟರ್ ಇನ್ನೊಂದಕ್ಕೆ ಬರುವುದನ್ನು ನಾನು ಎಷ್ಟು ಸಲ ನೋಡಿದ್ದೇನೆಂದರೆ, ವೇಗಕ್ಕಿಂತ ಡ್ರೈವೇ ದೊಡ್ಡದು ಅಂತ ಹೇಳಲು ಹಿಂದೆಮುಂದೆ ನೋಡುವುದಿಲ್ಲ. ಹಳೆ ಡೆಸ್ಕ್‌ಟಾಪ್ ಗುಜರಿಗೆ ಹೋಗುವ ಮೊದಲು ಅದರ ಸಾಟಾ ಜೋಡಣೆಯ ಡಿವಿಡಿ ಡ್ರೈವ್ ಬಿಚ್ಚಿಟ್ಟುಕೊಂಡರೆ ಸಾಕು. ಯುಎಸ್‌ಬಿಗೆ ಜೋಡಿಸುವ ಅಡಾಪ್ಟರ್ ಕೊಳ್ಳುವಾಗ 12 ವೋಲ್ಟಿನ ಚಾರ್ಜರ್ ಜೊತೆಗೆ ಬರುವಂಥದ್ದೇ ಕೊಳ್ಳಿ, ದಪ್ಪ ಡ್ರೈವಿಗೆ ಅದಿಲ್ಲದೆ ನಡೆಯದು.

ಯಾವುದರಲ್ಲೂ ಬಾರದಿದ್ದರೆ ಟೀವಿ ಪಕ್ಕದ ಡಿವಿಡಿ ಪ್ಲೇಯರ್ ಇದೆಯಲ್ಲ. ಅದು ಓದುವುದೇ ನಿಧಾನ, ಓದಲಾಗದ ಜಾಗ ಬಂದರೆ ಹಾರಿ ಮುಂದೆ ಹೋಗುತ್ತದೆ. ಅದರ ಹಳದಿ, ಬಿಳಿ, ಕೆಂಪು ವೈರನ್ನು ಕ್ಯಾಪ್ಚರ್ ಡಬ್ಬಿಗೆ ಕೊಟ್ಟು ರೆಕಾರ್ಡ್ ಮಾಡಿದರೆ ಚಿತ್ರ ಒಂದು ಮಟ್ಟ ಮಸುಕಾದರೂ ಏನೋ ಒಂದು ಸಿಗುತ್ತದೆ.

ಎಳೆದು ಹಾಕುವುದೋ, ಇಮೇಜ್ ತೆಗೆಯುವುದೋ

ಬಹಳ ಜನ ಫೋಲ್ಡರ್ ತೆರೆದು ಫೈಲುಗಳನ್ನು ಎಳೆದು ಡೆಸ್ಕ್‌ಟಾಪಿಗೆ ಬಿಡುತ್ತಾರೆ. ಚೆನ್ನಾಗಿರುವ ಡಿಸ್ಕಿಗೆ ಅದೇ ಸಾಕು. ಕೆಟ್ಟ ಡಿಸ್ಕಿಗೆ ಅದರಷ್ಟು ಕೆಟ್ಟ ದಾರಿ ಬೇರೆ ಇಲ್ಲ. ಡಿವಿಡಿಯಲ್ಲಿ ವಿಡಿಯೋ ಇರುವ ವಿಓಬಿ ಫೈಲು ಒಂದೊಂದೂ 1 ಜಿಬಿಯವರೆಗೆ ಇರುತ್ತದೆ, ಅದರೊಳಗೆ ಒಂದೇ ಒಂದು ಸೆಕ್ಟರ್ ಬಾರದಿದ್ದರೂ ವಿಂಡೋಸ್ ಇಡೀ ಫೈಲನ್ನೇ ಬಿಟ್ಟುಬಿಡುತ್ತದೆ. 2 ಕೆಬಿ ಹೋದದ್ದಕ್ಕೆ ಇಪ್ಪತ್ತು ನಿಮಿಷದ ಮದುವೆ ಹೋಯಿತು.

ಅದರ ಬದಲು ಲಿನಕ್ಸಿನ ಡಿಡಿರೆಸ್ಕ್ಯೂ ಹಿಡಿದು ಇಮೇಜ್, ಅಂದರೆ ಇಡೀ ಡಿಸ್ಕಿನ ಸೆಕ್ಟರ್‌ವಾರು ನಕಲನ್ನು ಒಂದೇ ಫೈಲಾಗಿ, ತೆಗೆಯಿರಿ. ಸೆಕ್ಟರ್ ಗಾತ್ರ 2048 ಅಂತ ಹೇಳಿ, ಮೊದಲ ಸುತ್ತಿನಲ್ಲಿ ತಕರಾರು ಮಾಡುವ ಜಾಗ ಬಿಟ್ಟು ಸುಲಭಕ್ಕೆ ಬರುವುದನ್ನೆಲ್ಲ 8ಎಕ್ಸ್‌ನಲ್ಲಿ ಇಳಿಸಿಕೊಳ್ಳಿ. ಎರಡನೇ ಸುತ್ತಿಗೆ ವೇಗ 4ಕ್ಕೆ ಇಳಿಸಿ ಬಿಟ್ಟ ಜಾಗಗಳನ್ನು ಮಾತ್ರ ಮೂರು ಸಲ ಪ್ರಯತ್ನಿಸಲು ಹೇಳಿ. ಮೂರನೇ ಸುತ್ತಿಗೆ ಅದೇ ಡಿಸ್ಕು, ಅದೇ ಮ್ಯಾಪ್ ಫೈಲು, ಬೇರೆ ಡ್ರೈವು. ಎಲ್ಲಿ ಬಂದಿದೆ, ಎಲ್ಲಿ ಬಾಕಿ ಇದೆ ಅಂತ ಮ್ಯಾಪ್ ಫೈಲಿನಲ್ಲಿ ಬರೆದಿರುವುದರಿಂದ ಬಂದದ್ದನ್ನು ಮತ್ತೆ ಓದುವುದಿಲ್ಲ. ಮಳೆಗಾಲದಲ್ಲಿ ನಡುವೆ ಕರೆಂಟು ಹೋದರೂ ನಿಂತಲ್ಲಿಂದ ಮುಂದುವರಿಯುತ್ತದೆ, ನಮ್ಮ ಊರಿಗೆ ಹೇಳಿ ಮಾಡಿಸಿದ್ದು. ಮೊದಲ ಸುತ್ತಿನಲ್ಲೇ ಕೆಟ್ಟ ಜಾಗದ ಜೊತೆ ಗುದ್ದಾಡುವುದು ತಪ್ಪು. ಸಾಯುವ ಸ್ಥಿತಿಯ ಡಿಸ್ಕನ್ನು ತಾಸುಗಟ್ಟಲೆ ಬಿಸಿ ಡ್ರೈವಿನಲ್ಲಿ ತಿರುಗಿಸಿ, ಬರಬಹುದಾಗಿದ್ದ ಭಾಗವನ್ನೂ ನಾನು ಕಳೆದುಕೊಂಡದ್ದಿದೆ. ಒಂದು ತಾಳಮದ್ದಲೆಯ ಮೂರನೇ ಡಿಸ್ಕು. ಅದರ ಎರಡನೇ ಪ್ರತಿ ಯಾರಲ್ಲೂ ಇರಲಿಲ್ಲ.

ತೊಳೆಯುವ ಮಾತು ಹೇಳದೆ ಬಿಡುವಂತಿಲ್ಲ. ಕಾರವಾರ, ಅಂಕೋಲಾ ಕಡೆಯಿಂದ ಬಂದ ಡಿಸ್ಕಿನ ಮೇಲೆ ಬೂಷ್ಟಿನ ಬಿಳಿ ಪೊರೆ ಇದ್ದರೆ ಯಾವ ವೇಗವೂ ಉಪಯೋಗವಿಲ್ಲ. ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸೋಪಿನ ಒಂದು ಹನಿ, ಹಳೆ ಹತ್ತಿ ಪಂಚೆಯ ತುಂಡು. ಸ್ಟಿಕರ್ ಇರುವ ಬದಿಗೆ ನೀರು ತಾಗಿಸದೆ, ನಡುವಿನಿಂದ ಅಂಚಿಗೆ ನೇರ ಒರೆಸಿ, ಗುಂಡಗೆ ತಿರುಗಿಸಿ ಒರೆಸಬೇಡಿ. ಗುಂಡಗೆ ಬಿದ್ದ ಗೀರು ಟ್ರ್ಯಾಕಿನ ಉದ್ದಕ್ಕೇ ಓಡಿ ಬ್ಲಾಕುಗಟ್ಟಲೆ ತಿನ್ನುತ್ತದೆ, ಅಡ್ಡ ಬಿದ್ದದ್ದನ್ನು ಸಾಲು-ಕಲಮಿನ ಲೆಕ್ಕ ಸರಿಮಾಡಿಕೊಳ್ಳುತ್ತದೆ. ಒಣಗಿಸಲು ಅಡಿಕೆ ಹರವಿದ ಹಾಗೆ ಅಂಗಳದ ಬಿಸಿಲಿಗೆ ಇಡಬೇಡಿ. ಮನೆಯಲ್ಲಿ ಬರೆದ ಡಿವಿಡಿ-ಆರ್ ಡಿಸ್ಕಿನಲ್ಲಿ ಇರುವುದು ಬಣ್ಣದ ಪದರ, ಬಿಸಿಲಿಗೆ ಅದು ಕೆಡುತ್ತದೆ. ಉಬ್ಬಿದ ಸ್ಟಿಕರನ್ನೂ ಕೀಳಬೇಡಿ. ಡಿವಿಡಿ ಅಂದರೆ 0.6 ಮಿಲಿಮೀಟರಿನ ಎರಡು ತಟ್ಟೆ ಸೇರಿಸಿ ಅಂಟಿಸಿದ್ದು, ಎಳೆದರೆ ಆ ಅಂಟೇ ಬಿಡಬಹುದು.

ಅತ್ತೆ ಪೆನ್‌ಡ್ರೈವ್ ಒಯ್ಯಲು ಬಂದಾಗ ಚೀಲದಿಂದ ಇನ್ನೊಂದು ಡಿಸ್ಕ್ ತೆಗೆದರು. ಮಗನ ಉಪನಯನದ್ದು. ನಡುವಿನ ತೂತಿನಿಂದ ಹೊರಟ ಕೂದಲೆಳೆ ಬಿರುಕು ಅರ್ಧ ಇಂಚು ಬಂದಿತ್ತು. ಇಂಥದ್ದನ್ನು 16ಎಕ್ಸ್‌ಗೆ ಹಾಕಿದರೆ ಡ್ರೈವಿನೊಳಗೇ ಚೂರಾಗಬಹುದು, ಆಮೇಲೆ ಡಿಸ್ಕೂ ಇಲ್ಲ, ಡ್ರೈವೂ ಇಲ್ಲ. ಗ್ಯಾರಂಟಿ ಕೊಡುವುದಿಲ್ಲ ಅಂತ ಮೊದಲೇ ಹೇಳಿ, ತೆಳು ಡ್ರೈವಿಗೆ ಮೆಲ್ಲಗೆ ಸಿಕ್ಕಿಸಿ 2ಎಕ್ಸ್ ಕೇಳಿದೆ. ಅದು 4ಕ್ಕಿಂತ ಕೆಳಗೆ ಇಳಿಯಲಿಲ್ಲ. ಅತ್ತೆ ಎದುರಿನ ಕುರ್ಚಿಯಲ್ಲಿ ಕೂತು ಹದಿನೈದು ನಿಮಿಷ ಅದರ ಸದ್ದನ್ನೇ ಕೇಳುತ್ತಿದ್ದರು.